ಹ್ಯಾಂಡಲಿಗೆ ಕಟ್ಟಿದ ವಲ್ಲಿ

"ದಿಖಾಯಿಯೇ" ಎಂದರು ಸಂಸತ್ ಸಮಿತಿಯ ಅಧ್ಯಕ್ಷರು. ತೋರಿಸಿ ಎಂದು. ಅದನ್ನು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಮೈಕು ನನ್ನ ಕೈಯಲ್ಲಿತ್ತು. ಹೇಳಬೇಕಾದ ಮಾತು ಬೆಳಿಗ್ಗೆಯೇ ನಿಶ್ಚಯವಾಗಿತ್ತು: "ಚಾಲೂ ಮಾಡ್ರಿ." ಅದು ನನ್ನ ಬಾಯಿಂದ ಬಿದ್ದ ಕೂಡಲೇ ಲೈನ್‌ಮನ್ ಕಂಬದ ಕಬ್ಬಿಣದ ಹ್ಯಾಂಡಲನ್ನು ಮೇಲಕ್ಕೆ ಎತ್ತಬೇಕು, ಹನ್ನೊಂದು ಸಾವಿರ ವೋಲ್ಟಿನ ಕರೆಂಟು ಹೊಲದೊಳಗಿನ ಟ್ರಾನ್ಸ್‌ಫಾರ್ಮರಿಗೆ ಹೋಗಬೇಕು, ಬೋರ್‌ವೆಲ್ಲಿನ ನೀರು ಪೈಪಿನಿಂದ ಹಾರಬೇಕು, ಸಂಸದರು ಚಪ್ಪಾಳೆ ತಟ್ಟಬೇಕು.

ನಾನು ಬಾಯಿ ತೆರೆದೆ. ಮಾತು ಹೊರಡಲಿಲ್ಲ.

ಸಮಿತಿಯ ಒಳಗೆ ನಡೆದದ್ದನ್ನು ವರದಿ ಸದನದಲ್ಲಿ ಮಂಡನೆಯಾಗುವವರೆಗೆ ಹೊರಗೆ ಆಡುವಂತಿಲ್ಲ ಎಂದು ಮೊದಲ ದಿನವೇ ನನಗೆ ತಿಳಿಸಿದ್ದರು. ಈಗ ವರದಿ ಮಂಡನೆಯಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಇಷ್ಟು ತಿಂಗಳಾದರೂ ತರಗತಿಯಲ್ಲಿ ಪಾಠದ ನಡುವೆ, ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದಾಗ, ಆ ಮಧ್ಯಾಹ್ನ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪ್ರತಿ ಸಲವೂ ಆ ಮಾತು ತುಟಿಯವರೆಗೆ ಬರುತ್ತದೆ.

ಗಂಗಾವತಿಯಲ್ಲಿ ನಮ್ಮ ಅಬ್ಬಾನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ತಂತಿಯ ವಾಸನೆಯಲ್ಲೇ ಬೆಳೆದವಳು ನಾನು. ಮನೆಯಲ್ಲಿ ದಖ್ಖನಿ, ಓಣಿಯಲ್ಲಿ ಕನ್ನಡ, ಅಂಗಡಿಗೆ ಬರುವ, ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರೊಂದಿಗೆ ಅಷ್ಟಿಷ್ಟು ತೆಲುಗು. ಓದಿದ್ದು ಹಿಂದಿ, ಪಾಠ ಮಾಡುವುದು ಕುಷ್ಟಗಿಯ ಕಾಲೇಜಿನಲ್ಲಿ. ಸಂಸತ್ತಿನ ಒಂದು ಸಮಿತಿ ಯಲಬುರ್ಗಾ ಕಡೆ ಬರುತ್ತದೆ, ರೈತರ ಮಾತನ್ನು ಹಿಂದಿಗೆ, ಸದಸ್ಯರ ಮಾತನ್ನು ಕನ್ನಡಕ್ಕೆ ತರಲು ಒಬ್ಬರು ಬೇಕು ಎಂದು ಜಿಲ್ಲಾ ಕಚೇರಿಯಿಂದ ಫೋನು ಬಂತು. "ಫೀಡರ್, ಫೇಸು, ಫ್ಯೂಸು ಅಂದ್ರ ಅಂಜಲಾರದ ಹಿಂದಿ ಮೇಡಮ್ಮ ನೀವ ಒಬ್ರು ಅಂತ ಹೇಳ್ಯಾರ್ರಿ" ಎಂದರು ಫೋನು ಮಾಡಿದವರು. ನನಗೆ ಹಿಗ್ಗೋ ಹಿಗ್ಗು.

ಓದಲು ಒಂದು ಹಿನ್ನೆಲೆ ಟಿಪ್ಪಣಿ ಕೊಟ್ಟರು. ವಿಷಯ ಸರಳವಾಗಿತ್ತು. ಊರ ಹತ್ತಿರವೇ ಸೋಲಾರ್ ಪ್ಲಾಂಟು ಹಾಕಿ, ಅದರ ಕರೆಂಟನ್ನು ಪಂಪ್‌ಸೆಟ್ಟಿನ ಲೈನಿಗೆ ಕೊಟ್ಟು, ರೈತರಿಗೆ ರಾತ್ರಿಯ ಬದಲು ಹಗಲು ವಿದ್ಯುತ್ ಸಿಗುವಂತೆ ಮಾಡುವುದು ಸರ್ಕಾರದ ನೀತಿ. ಈ ಭಾಗದಲ್ಲಿ ಅದು ಜಾರಿಯಾಗಿದೆ ಎಂದು ಸಮಿತಿಗೆ ಲಿಖಿತ ಉತ್ತರ ಹೋಗಿದೆ. ನಿಜಕ್ಕೂ ಜಾರಿಯಾಗಿದೆಯೋ ಇಲ್ಲವೋ ಎಂದು ನೋಡಲು ಸಮಿತಿ ತಾನೇ ಬರುತ್ತಿದೆ. ಸರ್ಕಾರ ಹೇಳಿದ್ದನ್ನು ಸಂಸತ್ತು ಪರೀಕ್ಷಿಸುತ್ತದೆ ಎಂಬ ಸಾಲನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಆ ಸಾಲು ಧೂಳೆಬ್ಬಿಸುತ್ತ ಬೇವೂರಿನ ಆಚೆಯ ಹೊಲಕ್ಕೆ ಬರುತ್ತದೆ, ಅದರ ಪಕ್ಕದಲ್ಲಿ ನಾನು ಕುಳಿತಿರುತ್ತೇನೆ ಎಂದು ಯಾರು ಎಣಿಸಿದ್ದರು?

ಶಬ್ದಗಳನ್ನು ಹಿಂದಿಯಲ್ಲಿ ಜೋಡಿಸಿಕೊಂಡು ಅಂಗಡಿಯಲ್ಲಿ ಅಬ್ಬಾನ ಮುಂದೆ ಒಪ್ಪಿಸಿದೆ. ಅವರು ಮೋಟಾರಿನ ಹೊಟ್ಟೆಯಿಂದ ತಲೆ ಎತ್ತದೆಯೇ, "ಕಿತಾಬಿ ಹಿಂದಿ ನಕ್ಕೋ ಬೇಟಿ. ಫ್ಯೂಸ್ ಕೋ ಫ್ಯೂಸ್‌ಚ್ ಬೋಲ್" ಎಂದರು. ಪುಸ್ತಕದ ಭಾಷೆ ಬೇಡ, ಫ್ಯೂಸಿಗೆ ಫ್ಯೂಸೇ ಎನ್ನು. ಅದಕ್ಕಿಂತ ಒಳ್ಳೆಯ ತರಬೇತಿ ನನಗೆ ಯಾರೂ ಕೊಡಲಿಲ್ಲ.

ಸಮಿತಿ ಬರುವ ದಿನ ಬೆಳಿಗ್ಗೆ ನಾನು ಹೊಲ ಮುಟ್ಟಿದಾಗ ಶಾಮಿಯಾನಾ ಎದ್ದಿತ್ತು. ಸುತ್ತ ದಿಬ್ಬಗಳ ಮೇಲೆ ಗಾಳಿ ಫ್ಯಾನುಗಳು ನಿಧಾನವಾಗಿ ತಿರುಗುತ್ತಿದ್ದವು. ರಸ್ತೆಯ ಬದಿಗೆ ಒಂದು ಕಂಬ. ಅಲ್ಲಿಂದ ಹೊಲದೊಳಗೆ ಲೈನು ಹೊರಳುತ್ತದೆ. ಆ ಕಂಬಕ್ಕೆ ಎದೆಯೆತ್ತರದಲ್ಲಿ ಒಂದು ಹ್ಯಾಂಡಲ್. ಇಳಿಸಿದರೆ ತುದಿಯಲ್ಲಿ ತಂತಿಗಳ ಸಂಪರ್ಕ ಕಡಿದು ಹೊಲದ ಲೈನು ಸಾಯುತ್ತದೆ, ಎತ್ತಿದರೆ ಜೀವ ಬರುತ್ತದೆ. ಲೈನಿನ ಕೊನೆಗೆ, ಆಳೆತ್ತರ ಬೆಳೆದ ಗೋವಿನಜೋಳದ ಆಚೆಗೆ, ಎಲ್ಲರೂ ಟೀಸಿ ಎಂದು ಕರೆಯುವ ಟ್ರಾನ್ಸ್‌ಫಾರ್ಮರ್. ಶಾಮಿಯಾನಾದಲ್ಲಿ ಕುಳಿತವರಿಗೆ ಕಂಬ ಕಾಣುತ್ತದೆ, ಬೋರ್‌ವೆಲ್ಲಿನ ಪೈಪು ಕಾಣುತ್ತದೆ, ಟೀಸಿ ಕಾಣುವುದಿಲ್ಲ.

ಆ ಭಾಗದ ವಿದ್ಯುತ್ ಶಾಖಾಧಿಕಾರಿ ತರುಣ ಎಂಜಿನಿಯರು. ಅಂಗಿ ಆಗಲೇ ಬೆವರಿನಿಂದ ಬೆನ್ನಿಗೆ ಅಂಟಿತ್ತು. ತಾಲೀಮು ನಡೆಸುತ್ತಿದ್ದರು. ಹ್ಯಾಂಡಲ್ ಹತ್ತಿರ ನಿಂತಿದ್ದ ಲೈನ್‌ಮನ್ ಎತ್ತರದ ಆಳು, ಮಡಿಕೆ ಮುರಿಯದ ಹೊಸ ಸಮವಸ್ತ್ರ. ಮೊದಲ ಸಲ ಯಾರೋ ಕೆಮ್ಮಿದ್ದಕ್ಕೇ ಅವನು ಹ್ಯಾಂಡಲ್ ಎತ್ತಿಬಿಟ್ಟ.

"ಲೇ, ಯಾರ ಹೇಳಿದ್ರೋ ನಿನಗ?"

"ಸನ್ನಿ ಮಾಡಿದ್ರಲ್ರಿ ಸಾಹೇಬ್ರ."

"ಅದು ಕೆಮ್ಮೋ ಮಾರಾಯ! ನೋಡು, ಅಧ್ಯಕ್ಷರು ಹಿಂದಿಯೊಳಗ ಏನ ಅಂದ್ರೂ ನೀ ಅಲ್ಲಾಡಬ್ಯಾಡ. ಈ ಮೇಡಂ ಬಾಯಾಗಿಂದ 'ಚಾಲೂ ಮಾಡ್ರಿ' ಅಂತ ಬರಬೇಕು, ಆಮ್ಯಾಲ ಎತ್ತು." ನನ್ನ ಕಡೆ ತಿರುಗಿ, "ಇವತ್ತ ನಮ್ಮ ಮರ್ಯಾದಿ ನಿಮ್ಮ ಬಾಯಾಗ ಐತ್ರಿ ಮೇಡಂ" ಎಂದರು. ನಾನು ನಕ್ಕೆ.

ಎರಡನೇ ಸಲ ನನ್ನ ಮಾತಿಗೇ ಹ್ಯಾಂಡಲ್ ಎದ್ದಿತು. ಆದರೆ ಮೋಟಾರು ಗುಂಯ್ ಎಂದು ನರಳಿತೇ ಹೊರತು ನೀರು ಬರಲಿಲ್ಲ. ಹೊಲದ ಯಜಮಾನರು ಓಡಿಹೋಗಿ ಸ್ಟಾರ್ಟರ್ ಬಂದ್ ಮಾಡಿದರು. "ಒಂದ್ ಫೇಸ್ ಇಲ್ರಿ. ಟೀಸಿ ಮ್ಯಾಲ ಫ್ಯೂಸ್ ಹೋಗೇತಿ."

ಶಾಖಾಧಿಕಾರಿ ತಲೆಗೆ ಕೈ ಹೊತ್ತುಕೊಂಡರು. ಆ ಊರಿನ ಲೈನ್‌ಮನ್‌ನನ್ನು ಸೋಲಾರ್ ಪ್ಲಾಂಟಿನ ಬಂದೋಬಸ್ತಿಗೆ ಕಳಿಸಿಯಾಗಿತ್ತು. ಹೊಸ ಸಮವಸ್ತ್ರದವನ ಮುಖ ನೋಡಿದರು.

"ನಾ ಕೊಪ್ಪಳದಾಗ ಸ್ಟೋರಿನ್ಯಾಗ ಇರಾಂವ್ರಿ" ಎಂದ ಅವನು ನೆಲ ನೋಡುತ್ತ. "ಕಂಬ ಹತ್ತಿ ಭಾಳ ವರ್ಷ ಆತು. ನೋಡಾಕ ಛಲೋ ಅದಿ, ಬಾ ಅಂತ ಕರಕೊಂಡ ಬಂದ್ರಿ ನೀವು."

ಉಳಿದವರು ಯಜಮಾನರು. ಶಾಖಾಧಿಕಾರಿ ಅವರ ಹತ್ತಿರ ಹೋಗಿ ಕೈ ಹಿಡಿದರು. "ಅಣ್ಣಾರ, ಏನರ ಮಾಡ್ರಿ. ನಿಮ್ಮ ಕೈಯಾಗಿನ ಕೆಲಸ ಇದು."

"ದಿನಾ ನಾ ಕಟ್ಟಿದಾಗ ಕೇಸ್ ಹಾಕತೀನಿ ಅಂತ ಬೈತಿದ್ರಿ. ಇವತ್ತ ಅಣ್ಣಾರ ಆದ್ನ್ಯಾ?"

"ನನ್ನ ಸಲುವಾಗಿ ಒಂದ್ ಸಲ. ಊಟ ಮುಗಿಸಿ ಬರ್ತಾರ ಅವರು, ಬೇಕಾದಷ್ಟು ಹೊತ್ತ ಐತಿ."

ಇಷ್ಟು ಮಾತು ನಡೆದದ್ದು ನನ್ನಿಂದ ನಾಲ್ಕು ಹೆಜ್ಜೆ ಆಚೆಗೆ. ಯಜಮಾನರು ನಗುತ್ತಲೇ ಒಪ್ಪಿದರು. ಕಂಬದ ಹತ್ತಿರ ಹೋಗಿ ಹ್ಯಾಂಡಲ್ ಇಳಿಸಿದರು. ಹೆಗಲ ಮೇಲಿದ್ದ ವಲ್ಲಿಯನ್ನು, ಬಣ್ಣ ಮಾಸಿದ ಕೆಂಪು ಟವೆಲನ್ನು, ಹ್ಯಾಂಡಲಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದರು. ತಂತಿ ಕತ್ತರಿಸುವ ಪಕ್ಕಡ ಸೊಂಟಕ್ಕೆ ಸಿಗಿಸಿ ಗೋವಿನಜೋಳದೊಳಗೆ ಹೋಗಿ ಕಾಣದಾದರು.

"ಇದ್ಯಾಕ್ರಿ ವಲ್ಲಿ?" ಎಂದು ಅವರ ಹೆಂಡತಿಯನ್ನು ಕೇಳಿದೆ. ಸಮಿತಿಯನ್ನು ಎದುರುಗೊಳ್ಳಲು ಹೊಸ ಇಳಕಲ್ ಸೀರೆ ಉಟ್ಟು ನಿಂತಿದ್ದರು.

"ಅದ ನಮ್ಮ ಬೀಗ ಅಕ್ಕಾರ. ಹ್ಯಾಂಡಲ್ ಇಳದು ವಲ್ಲಿ ಕಟ್ಟೇತಿ ಅಂದ್ರ ಲೈನಿನ್ಯಾಗ ಮನಷಾ ಅದಾನ ಅಂತ ಲೆಕ್ಕ. ಯಾರೂ ಮುಟ್ಟಂಗಿಲ್ಲ. ಕಟ್ಟಿದಾಂವನ ಬಂದು ಬಿಚ್ಚಿ ಹೆಗಲಿಗೆ ಹಾಕ್ಕೋಬೇಕು."

"ಗಾಳಿಗೆ ಬಿಚ್ಚಿದ್ರ?"

"ನಮ್ಮನಿಯಾರು ಹಾಕಿದ ಗಂಟು ನನಗ ಬಿಚ್ಚಾಕ ಬರಂಗಿಲ್ಲ, ಗಾಳಿ ಏನ್ ಬಿಚ್ಚತೈತ್ರಿ?" ಎಂದು ಅವರು ಗೊಳ್ಳೆಂದು ನಕ್ಕರು.

ಅಷ್ಟರಲ್ಲಿ ಶಾಖಾಧಿಕಾರಿಯ ಫೋನು ಹೊಡೆದುಕೊಂಡಿತು. ಅಧ್ಯಕ್ಷರು ಕಾರ್ಯಕ್ರಮ ಬದಲಿಸಿದ್ದಾರೆ, ಪ್ಲಾಂಟು ಆಮೇಲೆ, ಮೊದಲು ರೈತರ ಹೊಲ, ಬೇವೂರು ದಾಟಿಯಾಗಿದೆ! ಇರುವೆ ಗೂಡಿಗೆ ಕಡ್ಡಿ ಹಾಕಿದಂತಾಯಿತು. ಹಾರ ಎಲ್ಲಿ, ನೀರಿನ ಬಾಟಲಿ ಎಲ್ಲಿ, ಫೋಟೋದವ ಎಲ್ಲಿ. ಶಾಖಾಧಿಕಾರಿ ರಸ್ತೆಯ ತಿರುವಿಗೆ ಓಡಿದರು. ಯಜಮಾನರ ಹೆಂಡತಿಗೆ ತುಂಬಿದ ಕೊಡ ಕೊಟ್ಟು ಪೈಪಿನ ಹತ್ತಿರ ನಿಲ್ಲಿಸಿದರು. ಅಲ್ಲಿಂದ ಹ್ಯಾಂಡಲ್ ಅವರಿಗೆ ಕಾಣುತ್ತಿರಲಿಲ್ಲ. ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದರು. ಬಿಳಿ ಕಾರುಗಳು ಬಂದೇಬಿಟ್ಟವು, ಅವುಗಳ ಹಿಂದೆಯೇ ಕೆಂಧೂಳಿನ ಮೋಡ ಬಂದು ಶಾಮಿಯಾನಾದ ಕುರ್ಚಿಗಳ ಮೇಲೆಲ್ಲ ಕುಳಿತಿತು. ನನ್ನ ಎದೆ ಹಬ್ಬದ ದಿನದಂತೆ ಹೊಡೆದುಕೊಳ್ಳುತ್ತಿತ್ತು.

ಅಧ್ಯಕ್ಷರು ಉತ್ತರದ ಕಡೆಯವರು, ವಯಸ್ಸಾದವರು, ಕಾರಿನಿಂದ ಇಳಿಯುತ್ತಲೇ ಪ್ರಶ್ನೆ ಕೇಳುವ ಸ್ವಭಾವ. ಈ ಫ್ಯಾನುಗಳು ಯಾರವು? ಇಲ್ಲಿ ಮಳೆ ಯಾವಾಗ? ಈ ಬೆಳೆ ಯಾವುದು? ನಾನು ಉತ್ತರಗಳನ್ನು ಹಿಂದಿಗೆ ಹಾಕುತ್ತ ಹೋದೆ. ಶಬ್ದಗಳು ತಾವಾಗಿಯೇ ಬರುತ್ತಿದ್ದವು. ಎರಡು ದಡದ ನಡುವೆ ನಿಂತು ಸಾಮಾನು ದಾಟಿಸಿದಂತೆ ಕೆಲಸ ಸಲೀಸಾಗಿ ನಡೆದಿತ್ತು. ಆ ಖುಷಿಯನ್ನು ಹೇಗೆ ಹೇಳಲಿ! ಕೊಪ್ಪಳದಿಂದ ಬಂದ ಹಿರಿಯ ಎಂಜಿನಿಯರು ಮುಂದೆ ಬಂದು, ಹಗಲು ವಿದ್ಯುತ್ ಹೇಗೆ ರೈತರ ಹೊಲಕ್ಕೆ ಮುಟ್ಟುತ್ತದೆ ಎಂಬುದನ್ನು ಈಗ ತಮ್ಮೆದುರೇ ತೋರಿಸುತ್ತೇವೆ ಎಂದರು. ಲೈನ್‌ಮನ್ ಎರಡೂ ಕೈ ಹ್ಯಾಂಡಲಿನ ಮೇಲಿಟ್ಟು ಎದೆ ಉಬ್ಬಿಸಿದ. ಹ್ಯಾಂಡಲಿಗೆ ಚೆಂಡುಹೂವಿನ ಸಣ್ಣ ಹಾರ ಹಾಕಿದ್ದರು.

ಅಧ್ಯಕ್ಷರು ನಕ್ಕು, "ದಿಖಾಯಿಯೇ" ಎಂದರು.

ಆಗ ನನ್ನ ಕಣ್ಣು ಮುಂದಿನ ಸಾಲಿನ ಕುರ್ಚಿಯ ಮೇಲೆ ಬಿತ್ತು. ತಡವಾಗಿ ಬಂದ ಸದಸ್ಯೆಯೊಬ್ಬರಿಗಾಗಿ ಶಾಮಿಯಾನಾದವನು ಗಡಿಬಿಡಿಯಿಂದ ಆ ಕುರ್ಚಿಯ ಧೂಳು ಒರೆಸುತ್ತಿದ್ದ. ಒರೆಸುತ್ತಿದ್ದದ್ದು ಒಂದು ಕೆಂಪು ಬಟ್ಟೆಯಿಂದ. ಬಣ್ಣ ಮಾಸಿದ ಕೆಂಪು.

ಹ್ಯಾಂಡಲ್ ನೋಡಿದೆ. ಹೂವಿನ ಹಾರ ಇತ್ತು. ವಲ್ಲಿ ಇರಲಿಲ್ಲ. ಕಟ್ಟಿದವನೇ ಬಿಚ್ಚಿದ್ದರೆ ಅದು ಅವನ ಹೆಗಲ ಮೇಲಿರಬೇಕು.

ಎಷ್ಟು ಹೊತ್ತು ಸುಮ್ಮನಿದ್ದೆನೋ ಗೊತ್ತಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದ್ದರು. ಹಿರಿಯ ಎಂಜಿನಿಯರು ಹಲ್ಲು ಕಚ್ಚಿ, "ಹೇಳ್ರಿ ಮೇಡಂ" ಎಂದರು. ನಾನು ತಲೆ ಅಲ್ಲಾಡಿಸಿದೆ. ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು. ಮೈಕು ಕೆಟ್ಟಿದೆ ಎಂದುಕೊಂಡ ಯಾರೋ ಅದನ್ನು ಬೆರಳಿನಿಂದ ಬಡಿದರು. ಟಕ್ ಟಕ್ ಎಂಬ ಸದ್ದು ಹೊಲದ ತುಂಬ ಹೋಯಿತು. ಹಿರಿಯ ಎಂಜಿನಿಯರಿಗೆ ತಾಳ್ಮೆ ತೀರಿತು. ತಾವೇ ಕೈ ಎತ್ತಿ ಕೂಗಿದರು: "ಎತ್ತೋ! ಏನ್ ನೋಡ್ಕೊಂತ ನಿಂತಿ?"

ಲೈನ್‌ಮನ್‌ನ ತೋಳು ಬಿಗಿದದ್ದು ಕಂಡಿತು. ಹ್ಯಾಂಡಲ್ ಒಂದು ಗೇಣು ಮೇಲೆದ್ದಿತು. ಕಂಬದ ತುದಿಯಲ್ಲಿ ಕಬ್ಬಿಣ ಕಿರ್ರ್ ಎಂದಿತು.

"ಬ್ಯಾಡ!" ನನ್ನ ದನಿ ಮೈಕಿನ ಹಾರ್ನಿನಿಂದ ಹೊಡೆದು ನನ್ನ ಕಿವಿಗೇ ಬಡಿಯಿತು. "ಬಿಡೋ ಕೈ! ಮ್ಯಾಲ ಮನಷಾ ಅದಾನ! ಬಿಡು!"

ಅವನು ಒಂದು ಕ್ಷಣ ಸಾಹೇಬರನ್ನು ನೋಡಿದ, ಒಂದು ಕ್ಷಣ ನನ್ನನ್ನು. ಬೆಳಿಗ್ಗೆ ಅವನ ತಲೆಯಲ್ಲಿ ತುಂಬಿದ್ದ ಮಾತು ಒಂದೇ: ಮೇಡಂ ಹೇಳದೆ ಎತ್ತಬೇಡ. ಅದೇ ಅವನನ್ನು ತಡೆದದ್ದು ಎಂದು ನಾನು ಇಂದಿಗೂ ನಂಬಿದ್ದೇನೆ. ಹ್ಯಾಂಡಲನ್ನು ಕೆಳಕ್ಕೆ ಒತ್ತಿ, ಕಾದ ಹೆಂಚು ಮುಟ್ಟಿದವನಂತೆ ಕೈ ಕಿತ್ತುಕೊಂಡ.

ಪೈಪಿನ ಕಡೆಯಿಂದ ಕೊಡ ಬಿದ್ದ ಸದ್ದು. ನನ್ನ ಕೂಗಿನ ಅರ್ಥ ಯಜಮಾನರ ಹೆಂಡತಿಗೆ ಎಲ್ಲರಿಗಿಂತ ಮೊದಲು ಹೊಳೆದಿತ್ತು. ಅವರು ಸೀರೆ ಎತ್ತಿಕಟ್ಟಿ ಗೋವಿನಜೋಳದೊಳಗೆ ನುಗ್ಗುವುದಕ್ಕೂ, ಅದರೊಳಗಿಂದ ಯಜಮಾನರು ಹೊರಬರುವುದಕ್ಕೂ ಸರಿಹೋಯಿತು. ಮೈಮೇಲೆಲ್ಲ ಜೋಳದ ಹೂಪುಡಿ, ಕೈಯಲ್ಲಿ ಪಕ್ಕಡ.

"ಯಾರ್ರೀ ಅದು ಹಾರ್ನಿನ್ಯಾಗ ಒದರಿದ್ದು? ಒಂದ್ ಫ್ಯೂಸ್ ಕಟ್ಟೇನಿ, ಇನ್ನೊಂದು ಸಡಲಾಗೇತಿ. ತಡೀರಿ ಅಂತ ಹೇಳಾಕ ಇಳದೆ." ಕಂಬದ ಕಡೆ ನೋಡಿದರು. ಹೂವಿನ ಹಾರ ನೋಡಿದರು. "ನನ್ನ ವಲ್ಲಿ ಎಲ್ಲಿ?"

ಶಾಮಿಯಾನಾದವನು ಬಟ್ಟೆ ಎತ್ತಿ ತೋರಿಸಿದ. "ಫೋಟೋದಾಗ ಹೊಲಸ ಕಾಣತೈತಿ ಅಂತ ಬಿಚ್ಚಿದ್ನಿರಿ. ಗಂಟು ಭಾಳ ಗಟ್ಟಿ ಇತ್ತು, ಹಲ್ಲಲೆ ಬಿಚ್ಚೀನಿ."

ಯಜಮಾನರು ಅಲ್ಲೇ ಸಾಲಿನಲ್ಲಿ ಕುಳಿತುಬಿಟ್ಟರು. ಹೆಂಡತಿ ಅವರ ಬೆನ್ನಿಗೆ ಎರಡು ಗುದ್ದಿ, "ನಿನ್ನ ಮೋತಿ ಸುಡ್ಲಿ! ಮಂದಿ ಮರ್ಯಾದಿ ಉಳಸಾಕ ಹೊಂಟಿದ್ದೇನು? ನನ್ನ ಮರ್ಯಾದಿ ಯಾಂವ ಉಳಸ್ತಿದ್ದ?" ಎಂದು ಬೈಯುತ್ತ ಅವರ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡರು. ಶಾಖಾಧಿಕಾರಿ ಕಾರುಗಳ ಪಕ್ಕ ಬಿಳಿಚಿಕೊಂಡು ನಿಂತಿದ್ದರು. ಸ್ವಾಗತದ ಗಡಿಬಿಡಿಯಲ್ಲಿ ಟೀಸಿಗೆ ಕಳಿಸಿದವರನ್ನು ಅವರು ಮರೆತೇಬಿಟ್ಟಿದ್ದರು. ಹ್ಯಾಂಡಲಿನ ಮೇಲೆ ವಲ್ಲಿ ಇಲ್ಲದ್ದು ಕಂಡು ಯಜಮಾನರು ಇಳಿದಿದ್ದಾರೆ ಎಂದುಕೊಂಡಿದ್ದ ಲೈನ್‌ಮನ್.

ಏನಾಯಿತು ಎಂದು ಅಧ್ಯಕ್ಷರು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿರಿಯ ಎಂಜಿನಿಯರು ಹಿಂದಿಯಲ್ಲಿ, ಸಣ್ಣ ತಾಂತ್ರಿಕ ಅಡಚಣೆ, ಸಭೆಯಲ್ಲಿ ವಿವರಿಸುತ್ತೇನೆ ಎಂದರು. ಅಧ್ಯಕ್ಷರು ಗಂಡ ಹೆಂಡತಿಯನ್ನು ಒಂದು ಗಳಿಗೆ ನೋಡಿ, "ಇವರನ್ನೂ ಕರೆತನ್ನಿ" ಎಂದರು.

ಸಭೆ ಯಲಬುರ್ಗಾದ ಒಂದು ಸಭಾಂಗಣದಲ್ಲಿ. ಒಳಗೆ ಕರೆಯುವ ಮುಂಚೆ ವರಾಂಡದಲ್ಲಿ ಹಿರಿಯ ಎಂಜಿನಿಯರು ಯಜಮಾನರ ಪಕ್ಕ ನಿಂತರು. ಮಾತು ಮೆತ್ತಗಿತ್ತು.

"ನೋಡ್ರಿ, ಟೀಸಿ ಹತ್ತೂದು ಕಾನೂನಿನ ಪ್ರಕಾರ ಅಪರಾಧ. ಕೇಸ್ ಆದ್ರ ಬೋರಿನ ಕನೆಕ್ಷನ್ ಹೋಗತೈತಿ. ನಾನ ಹತ್ತಿದ್ದೆ, ತಪ್ಪಾತು ಅಂದ್ಬಿಡ್ರಿ. ಅಲ್ಲಿಗೆ ಮುಗೀತು, ಯಾರಿಗೂ ತ್ರಾಸಿಲ್ಲ." ನನ್ನ ಕಡೆ ತಿರುಗಿ, "ನೀವು ಬರೇ ಅನುವಾದ ಮಾಡ್ರಿ ಮೇಡಂ. ಅಷ್ಟ ನಿಮ್ಮ ಕೆಲಸ" ಎಂದರು.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದಷ್ಟೇ ನನ್ನ ಕೆಲಸ.

ಒಳಗೆ ಉದ್ದನೆಯ ಮೇಜು, ಒಂದು ಬದಿಗೆ ಸದಸ್ಯರು, ಎದುರಿಗೆ ಅಧಿಕಾರಿಗಳು, ತುದಿಯಲ್ಲಿ ನಡಾವಳಿ ಬರೆಯುವ ಸಮಿತಿಯ ಸಿಬ್ಬಂದಿ. ಅಲ್ಲಿ ಬರೆದದ್ದೇ ವರದಿಗೆ ಆಧಾರ. ಹಿರಿಯ ಎಂಜಿನಿಯರು ಮೊದಲು ಮಾತಾಡಿದರು. ಒಬ್ಬ ರೈತ ಅನುಮತಿಯಿಲ್ಲದೆ ಟ್ರಾನ್ಸ್‌ಫಾರ್ಮರ್ ಹತ್ತಿದ್ದ, ಸಿಬ್ಬಂದಿಯ ಎಚ್ಚರಿಕೆಯಿಂದ ಅಪಾಯ ತಪ್ಪಿತು, ಇಂಥ ರೈತರಲ್ಲಿ ಜಾಗೃತಿ ಮೂಡಿಸಬೇಕಾಗಿದೆ. ಪೆನ್ನು ಓಡಿತು.

ಅಧ್ಯಕ್ಷರು ಯಜಮಾನರನ್ನು ಕೇಳಿದರು: ನೀವು ಹತ್ತಿದ್ದು ಯಾಕೆ?

ಯಜಮಾನರು ಎದ್ದರು. ಬರಿದಾದ ಹೆಗಲನ್ನು ಸವರಿಕೊಂಡರು. "ನಾನ ಹತ್ತಿದ್ನಿರಿ. ಯಾರೂ ಹೇಳಿಲ್ಲ. ತಪ್ಪಾತ್ರಿ."

ಅನುವಾದಕರು 'ಅವರು ಹೀಗೆ ಹೇಳುತ್ತಾರೆ' ಎನ್ನಬಾರದು, ಮಾತಾಡಿದವರ ಜಾಗದಲ್ಲೇ ನಿಂತು ಹೇಳಬೇಕು ಎಂಬುದು ಆ ಕೆಲಸದ ಶಿಸ್ತು. ನಾನು ಹಿಂದಿಯಲ್ಲಿ ಹೇಳಿದೆ: ನಾನೇ ಹತ್ತಿದೆ, ಯಾರೂ ಹೇಳಿರಲಿಲ್ಲ, ತಪ್ಪಾಯಿತು. ಒಂದು ಶಬ್ದವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ದನಿಯಲ್ಲೇ ಆ ಸುಳ್ಳು ನಡಾವಳಿಗೆ ಇಳಿಯುತ್ತಿರುವುದು ಕಂಡಿತು. ಪಕ್ಕದಲ್ಲಿ ಅವರ ಹೆಂಡತಿ ಸೆರಗು ಕಚ್ಚಿ ಕುಳಿತಿದ್ದರು. ಕಿವಿಯಲ್ಲಿ ಮತ್ತೆ ಕಿರ್ರ್ ಎಂದಿತು. ಹ್ಯಾಂಡಲ್ ಒಂದು ಗೇಣು ಮೇಲೆದ್ದಿತು. ಈ ಸಲವೂ ನಾನು ಸುಮ್ಮನಿದ್ದರೆ ಅದು ಪೂರ್ತಿ ಏಳುತ್ತದೆ ಎನಿಸಿತು.

ಮುಂದಿದ್ದ ಮೈಕನ್ನು ಬಂದ್ ಮಾಡಿ ಎದ್ದು ನಿಂತೆ. "ಅನುವಾದ ಮುಗಿಯಿತು" ಎಂದೆ ಹಿಂದಿಯಲ್ಲಿ. "ಅಧ್ಯಕ್ಷರೇ, ಅನುಮತಿ ಇದ್ದರೆ ಈಗ ನನ್ನ ಮಾತು ಹೇಳುತ್ತೇನೆ. ನಾನೂ ಅಲ್ಲಿದ್ದೆ."

ಸಮಿತಿಯ ಸಿಬ್ಬಂದಿ ತಲೆ ಎತ್ತಿ, ಅನುವಾದಕರು ಹೇಳಿಕೆ ಕೊಡುವ ಪದ್ಧತಿ ಇಲ್ಲ ಎಂದರು. ಹಿರಿಯ ಎಂಜಿನಿಯರು ಅದನ್ನೇ ಎತ್ತಿಹಿಡಿದರು. ನಾನು ಕುಳಿತುಕೊಳ್ಳಲಿಲ್ಲ.

ಅಧ್ಯಕ್ಷರು ಕನ್ನಡಕ ತೆಗೆದರು. "ಪದ್ಧತಿ ನನಗೂ ಗೊತ್ತು. ಇದು ಸಾಕ್ಷ್ಯದ ಬೈಠಕ್ ಅಲ್ಲ, ಅಧ್ಯಯನ ಪ್ರವಾಸ. ಶಾಮಿಯಾನಾದಲ್ಲಿ ನಾನೂ ಇದ್ದೆ. ಸಿಬ್ಬಂದಿಯ ಎಚ್ಚರಿಕೆ ನನ್ನ ಕಣ್ಣಿಗೆ ಬೀಳಲಿಲ್ಲ. ಅನುವಾದಕಿ ಸುಮ್ಮನಾದದ್ದು ಕಂಡೆ. ಯಾಕೆ ಸುಮ್ಮನಾದಿರಿ, ಹೇಳಿ."

ಹೇಳಿದೆ. ತಾಲೀಮಿನಲ್ಲಿ ಫ್ಯೂಸ್ ಹೋದದ್ದು, ಊರಿನ ಲೈನ್‌ಮನ್ ಬೇರೆ ಕಡೆ ಇದ್ದದ್ದು, ಯಜಮಾನರನ್ನು ಕೈ ಹಿಡಿದು ಬೇಡಿಕೊಂಡದ್ದು, ವಲ್ಲಿ ಕಟ್ಟಿದ್ದು, ಅದನ್ನು ಫೋಟೋದ ಸಲುವಾಗಿ ಬಿಚ್ಚಿದ್ದು. ಕಂಡದ್ದು, ಕೇಳಿದ್ದು, ಅಷ್ಟೇ. ಯಾರು ಕೆಟ್ಟವರು ಎಂದು ಹೇಳಲಿಲ್ಲ. ನನ್ನ ಮಟ್ಟಿಗೆ ಅವತ್ತು ಅಲ್ಲಿ ಕೆಟ್ಟವರು ಇರಲಿಲ್ಲ. ದೊಡ್ಡವರ ಮುಂದೆ ನೀರು ಹಾರಿಸಬೇಕೆಂಬ ಅವಸರ ಇತ್ತು.

"ಬೇಡಿಕೊಂಡವರು ಯಾರು?"

ನಾನು ಉತ್ತರಿಸಬೇಕಾಗಿ ಬರಲಿಲ್ಲ. ಹಿಂದಿನ ಗೋಡೆಗೆ ಆನಿಸಿ ನಿಂತಿದ್ದ ಶಾಖಾಧಿಕಾರಿ ಮುಂದೆ ಬಂದರು. "ನಾನ್ರಿ. ನಾನ ಹತ್ತಸೀನಿ ಅವರನ್ನ. ಆಮ್ಯಾಲ ಮರತೆ. ಅವರ ಮ್ಯಾಲ ಕೇಸ್ ಮಾಡೂದಾದ್ರ ನನ್ನ ಮ್ಯಾಲ ಮಾಡ್ರಿ."

ಅಧ್ಯಕ್ಷರು ನನ್ನ ಕಡೆ ನೋಡಿ, "ಇವರು ಹೇಳಿದ್ದನ್ನು ನನಗೆ ಯಾರು ಹೇಳಬೇಕು? ಕುಳಿತುಕೊಳ್ಳಿ, ನಿಮ್ಮ ಕೆಲಸ ಇನ್ನೂ ಮುಗಿದಿಲ್ಲ" ಎಂದರು. ಯಾರೋ ನಕ್ಕರು, ಬಿಗಿ ಸಡಿಲಿತು. ನಾನು ಕುಳಿತು ಮೈಕು ಹಚ್ಚಿ ಹಿಂದಿಯಲ್ಲಿ ಹೇಳಿದೆ: ನಾನೇ ಅವರನ್ನು ಹತ್ತಿಸಿದೆ.

ಆಮೇಲೆ ಯಜಮಾನರ ಹೆಂಡತಿಯನ್ನು ತಡೆಯುವವರು ಯಾರೂ ಇರಲಿಲ್ಲ. ದಿನವೂ ಹಗಲು ಕರೆಂಟು ಬರುತ್ತದೆಯೇ ಎಂದು ಅಧ್ಯಕ್ಷರು ಕೇಳಿದ್ದೇ ತಡ, "ಎಲ್ಲೀದ್ರಿ ಹಗಲು? ಈ ವಾರ ನಮ್ಮದು ರಾತ್ರಿ ಪಾಳಿ. ಇವತ್ತು ಹಗಲು ಬಂದೈತಿ ಅಂದ್ರ ಅದು ನಿಮ್ಮ ಪುಣ್ಯಾ. ನೀವು ದಿನಾ ಬರ್ರಿ, ನಮಗ ದಿನಾ ಹಗಲು ಕರೆಂಟ್ ಕೊಡ್ತಾರ. ರೊಟ್ಟಿ ಪಲ್ಯ ನಾ ಮಾಡಿ ಹಾಕತೀನಿ" ಎಂದರು.

ನಾನು ರೊಟ್ಟಿ ಪಲ್ಯವನ್ನೂ ಬಿಡದೆ ಅನುವಾದಿಸಿದೆ. ಸದಸ್ಯರೆಲ್ಲ ನಕ್ಕರು, ಅಧ್ಯಕ್ಷರು ನಗಲಿಲ್ಲ. ಲಿಖಿತ ಉತ್ತರದ ಪುಟ ತೆಗೆದು ಹಿರಿಯ ಎಂಜಿನಿಯರ ಮುಂದೆ ಸರಿಸಿದರು. "ಇಲ್ಲಿ ಹಗಲು ಎಂದಿದೆ. ಈ ತಾಯಿ ರಾತ್ರಿ ಎನ್ನುತ್ತಾರೆ. ಯಾವುದು ಸರಿ?" ಹಿರಿಯ ಎಂಜಿನಿಯರು ಪುಟವನ್ನು ತಮ್ಮ ಕಡೆ ಎಳೆದುಕೊಂಡರು. "ಇಲ್ಲಿ ಪ್ಲಾಂಟು ಮುಗಿದಿದೆ. ಈ ಲೈನಿಗೆ ಜೋಡಿಸುವ ಕೆಲಸ ಬಾಕಿ ಇದೆ" ಎಂದರು. ಅದೂ ನಡಾವಳಿಗೆ ಇಳಿಯಿತು. ದೆಹಲಿಯಲ್ಲಿ ಇಲಾಖೆಯ ಮೇಲಧಿಕಾರಿಗಳನ್ನು ಸಾಕ್ಷ್ಯಕ್ಕೆ ಕರೆದಾಗ ಮೊದಲ ಪ್ರಶ್ನೆ ಇದೇ ಎಂದು ಅಧ್ಯಕ್ಷರು ಗುರುತು ಹಾಕಿಕೊಂಡರು. ಏಳುವ ಮುಂಚೆ, ಈ ರೈತರ ಮೇಲಾಗಲಿ ಅವರ ಕನೆಕ್ಷನ್ ಮೇಲಾಗಲಿ ಏನೇ ಕ್ರಮ ಕೈಗೊಂಡರೂ ಮೊದಲು ಸಮಿತಿಗೆ ತಿಳಿಸಬೇಕು ಎಂದರು. ಆ ಮಾತನ್ನು ನಾನು ಕನ್ನಡದಲ್ಲಿ ಎರಡು ಸಲ ಹೇಳಿದೆ. ಎರಡನೆಯದು ಶಿಸ್ತಿನೊಳಗೆ ಬರುವುದಿಲ್ಲ.

ಆ ಸಂಜೆ ಗಂಗಾವತಿಯ ಅಂಗಡಿಗೆ ಬಂದು ನಡೆದದ್ದನ್ನೆಲ್ಲ ಹೇಳಿದಾಗ ಅಬ್ಬಾ ಕೆಲಸ ನಿಲ್ಲಿಸಿದರು. ಮುಂದಿದ್ದ ಮೋಟಾರಿನ ತಂತಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ಕುಳಿತರು. ಅಂದಿನಿಂದ ನನಗೊಂದು ಅಭ್ಯಾಸ ಹತ್ತಿದೆ. ಮಿಕ್ಸರಿನ ಗುಂಡಿ ಒತ್ತುವ ಮೊದಲೂ ಸುತ್ತ ನೋಡಿ, "ಹಚ್ಚಲೇನು?" ಎಂದು ಕೇಳುತ್ತೇನೆ. ಅಮ್ಮಿ ಮೊದಮೊದಲು ನಗುತ್ತಿದ್ದರು. ಈಗ "ಹಚ್" ಎನ್ನುತ್ತಾರೆ.

ವರದಿ ಬಂತು. ನಮ್ಮ ಹೊಲಕ್ಕೆ ಅದರಲ್ಲಿ ಸಿಕ್ಕ ಜಾಗ ಸಣ್ಣದು. ಪ್ಲಾಂಟು ಮುಗಿದದ್ದನ್ನೇ ಹಗಲು ವಿದ್ಯುತ್ ಎಂದು ಲೆಕ್ಕ ಹಿಡಿಯಬಾರದು. ಅತಿಥಿಗಳಿಗಾಗಿ ಪಾಳಿ ಬದಲಿಸಿ ಲೈನು ಹಚ್ಚಬಾರದು. ಹ್ಯಾಂಡಲಿಗೆ ಬೀಗ ಇರಬೇಕು, ಮೇಲೆ ಹತ್ತಿದವರ ಜೇಬಿನಲ್ಲೇ ಅದರ ಕೀಲಿ ಇರಬೇಕು. ವಲ್ಲಿಯ ಹೆಸರಿಲ್ಲ. ಆದರೆ ಅದನ್ನು ಓದುವಾಗ ನನಗೆ ಕಂಡದ್ದು ಅದೇ ಕೆಂಪು. ಯಜಮಾನರ ಮೇಲೆ ಕೇಸಾಗಲಿಲ್ಲ. ಶಾಖಾಧಿಕಾರಿಗೆ ನೋಟಿಸು ಬಂತು, ಉತ್ತರ ಕೊಟ್ಟು ಅದೇ ಶಾಖೆಯಲ್ಲಿ ಉಳಿದರು.

ಕಳೆದ ತಿಂಗಳು ಯಜಮಾನರ ಹೆಂಡತಿಯ ಫೋನು. "ಅಕ್ಕಾರ, ನಮ್ಮ ಲೈನಿಗೆ ಸೋಲಾರ್ ಜೋಡಸ್ಯಾರ. ಇವತ್ತ ಮೊದಲನೇ ಹಗಲು ಪಾಳಿ. ನೀವು ಬರಲಿಲ್ಲಂದ್ರ ಹ್ಯಾಂಡಲ್ ಮುಟ್ಟಂಗಿಲ್ಲ ಅಂತ ನಮ್ಮನಿಯಾರು ಕುಂತಾರ."

ಹೋದೆ. ಶಾಮಿಯಾನಾ ಇರಲಿಲ್ಲ, ಹಾರ ಇರಲಿಲ್ಲ. ಆ ಊರಿನ ಲೈನ್‌ಮನ್, ಮೊಣಕಾಲಿನ ಹತ್ತಿರ ಹರಿದು ಹೊಲಿದ ಸಮವಸ್ತ್ರದವರು, ಟೀಸಿಯ ಫ್ಯೂಸುಗಳನ್ನು ತಾವೇ ಪರೀಕ್ಷಿಸಿ ಇಳಿದು ಬಂದರು. ಜೇಬಿನಿಂದ ಕೀಲಿ ತೆಗೆದು ಹ್ಯಾಂಡಲಿನ ಬೀಗ ಬಿಚ್ಚಿದರು. ಕೈ ಹಚ್ಚಿ ನನ್ನ ಕಡೆ ನೋಡಿದರು. ಎಲ್ಲರೂ ನನ್ನ ಕಡೆ ನೋಡಿದರು.

"ಹೇಳ್ರಿ ಅಕ್ಕಾರ" ಎಂದರು ಯಜಮಾನರು. "ಅವತ್ತಿಂದು ನಿಮ್ಮ ಬಾಯಾಗ ಉಳದೈತಿ."

ನಾನು ಒಬ್ಬೊಬ್ಬರನ್ನೂ ನೋಡಿದೆ. ಲೈನ್‌ಮನ್ ನೆಲದ ಮೇಲೆ. ಹೆಂಡತಿ ಪೈಪಿನ ಹತ್ತಿರ, ನೆಲದ ಮೇಲೆ. ಯಜಮಾನರು ನನ್ನೆದುರಿಗೇ.

"ವಲ್ಲಿ ಎಲ್ಲೈತ್ರಿ?"

ಅವರು ನಗುತ್ತ ಹೆಗಲು ಮುಟ್ಟಿ ತೋರಿಸಿದರು. ಬಣ್ಣ ಇನ್ನಷ್ಟು ಮಾಸಿತ್ತು.

"ಚಾಲೂ ಮಾಡ್ರಿ" ಎಂದೆ.